ಒಂದೇ ಬುಲ್ಲಿನ ಮೂರು ಕರು, ಮೂರು ಥರ ಬೆಳವಣಿಗೆ. ಯಾಕೆ ಹೀಗೆ?

ಭೀಮಾತೀರದವ (ಮೋಶಿ, ಪುಣೆ)

ಎಲ್ಲರಿಗೂ ನಮಸ್ಕಾರ. ನಾನು ಇಂಡಿ ತಾಲ್ಲೂಕಿನವನು. ಚಾಕಣದ ಒಂದು ಕಂಪನಿಯಲ್ಲಿ ಕೆಲಸ. 14 ವರ್ಷದಿಂದ ಮೋಶಿಯಲ್ಲಿ ಮನೆ. ಆಳಂದಿ ದಾಟಿದ ಮೇಲೆ ನಮ್ಮ ಅಣ್ಣ ಎರಡು ಎಕರೆ ಲಾವಣಿ ಹಿಡಿದು ದನ ಕಟ್ಟಿದ್ದಾನೆ. ರಾತ್ರಿ ಪಾಳಿ ಮುಗಿದರೆ ನಾನು ಮನೆಗೆ ಹೋಗುವ ಮೊದಲು ಅಲ್ಲಿಗೇ ಹೋಗುತ್ತೇನೆ. ಇಲ್ಲಿನ ಇಂದ್ರಾಯಣಿ ನೀರು ಭೀಮೆ ಸೇರಿ ನಮ್ಮೂರ ಕಡೆಗೇ ಹರಿಯುತ್ತದೆ. ಅದಕ್ಕೋ ಏನೋ, ಆ ತಗಡಿನ ಶೆಡ್ಡಿನಲ್ಲಿ ಕೂತರೆ ಊರಲ್ಲಿ ಇದ್ದ ಹಾಗೇ ಅನಿಸುತ್ತದೆ.

ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಎರಡು ಕಿಲಾರಿ (ನಮ್ಮ ಕಡೆಯ ದೇಸಿ ತಳಿ) ಆಕಳು ಇವೆ, ಅಪ್ಪ ಊರಿಂದ ಕಳಿಸಿದ್ದು. ಒಂದು ಕಪ್ಪು-ಬಿಳಿ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಆಕಳು, ಚಾಕಣ ಸಂತೆಯಲ್ಲಿ ಕೊಂಡಿದ್ದು. ಎಷ್ಟು ರಕ್ತ ಎಚ್‌ಎಫ್ ಅಂತ ಮಾರಿದವರಿಗೂ ಗೊತ್ತಿರಲಿಲ್ಲ, ಆದರೆ ನೋಡಿದರೆ ಮುಕ್ಕಾಲಕ್ಕೆ ಕಮ್ಮಿ ಇಲ್ಲ. ಮೂರಕ್ಕೂ ಒಂದೇ ಎಚ್‌ಎಫ್ ಬುಲ್ಲಿನ ಸ್ಟ್ರಾ (ಹೆಪ್ಪುಗಟ್ಟಿಸಿದ ವೀರ್ಯದ ನಳಿಗೆ) ಹಾಕಿಸಿದ್ದೆವು. ಸ್ಟ್ರಾ ಮೇಲಿನ ನಂಬರ್ ಕೂಡ ಬರೆದಿಟ್ಟಿದ್ದೇನೆ. ಇಂಜೆಕ್ಷನ್ ಮಾಡಿದವರು "ಈ ಬುಲ್ಲಿನ ಕರು ದಿನಕ್ಕೆ ಒಂದು ಕಿಲೋ ಬೆಳೆಯುತ್ತದೆ" ಅಂದಿದ್ದರು.

ಮೂರೂ 20 ದಿನದ ಒಳಗೆ ಈದವು. ಹುಟ್ಟಿದ ದಿನವೇ ಕರುವನ್ನು ಎತ್ತಿಕೊಂಡು ಕಾಟಾ ಮೇಲೆ ನಿಂತು, ನನ್ನ ತೂಕ ಕಳೆದು ಬರೆದೆ. ಎಚ್‌ಎಫ್ ಆಕಳ ಕರು 34 ಕಿಲೋ. ಸಣ್ಣ ಕಿಲಾರಿಯದು 23. ದೊಡ್ಡ ಕಿಲಾರಿಯದು 25. ತೊಂಬತ್ತು ದಿನ ಆದಾಗ ಟೇಪಿನಿಂದ ಮೈ ಅಳೆದು ತೂಕ ಲೆಕ್ಕ ಹಾಕಿದರೆ ಕ್ರಮವಾಗಿ 64, 59, 68 ಕಿಲೋ! ಹುಟ್ಟುವಾಗ ದೊಡ್ಡದಿದ್ದದ್ದು ಹಿಂದೆ ಬಿತ್ತು. 25 ಕಿಲೋದ್ದು ಮುಂದೆ ಹೋಯಿತು. ಊರಲ್ಲಿ ಅಪ್ಪನ ಹತ್ತಿರ ಅದೇ ತಿಂಗಳು ಹುಟ್ಟಿದ ಶುದ್ಧ ಕಿಲಾರಿ ಹೋರಿಕರು ಒಂದಿದೆ. ಅದು 20ರಿಂದ 49ಕ್ಕೆ ಬಂದಿದೆ.

ಇದರಲ್ಲಿ ಬುಲ್ಲಿನದು ಎಷ್ಟು, ತಾಯಿಯದು ಎಷ್ಟು? ಮುಂದಿನ ಸಲವೂ ಇದೇ ಸ್ಟ್ರಾ ಹಾಕಿಸಬೇಕೋ ಬೇಡವೋ? ಎಚ್‌ಎಫ್ ಆಕಳು ಬೆದೆಗೆ ಬರುವ ಹೊತ್ತಾಯಿತು, ಅದಕ್ಕೇ ಕೇಳುತ್ತಿದ್ದೇನೆ.

ಗದಗಿನವ (ಹಡಪಸರ)

ಎಚ್‌ಎಫ್ ತಾಯಿ, ಎಚ್‌ಎಫ್ ತಂದೆ. ಆ ಕರು ಎಲ್ಲಕ್ಕಿಂತ ಜಾಸ್ತಿ ಬೆಳೆಯಬೇಕಿತ್ತು. ಬೆಳೆದಿಲ್ಲ ಅಂದರೆ ಬುಲ್ ಸರಿಯಿಲ್ಲ. ಸ್ಟ್ರಾ ಬದಲಿಸಿ, ಬೇರೆ ವಿಚಾರ ಬೇಡ.

ತೂಕದ ಪುಸ್ತಕ (ವಾರಜೆ, ಪುಣೆ)

ಗದಗಿನವರೇ, ಇಷ್ಟು ಬೇಗ ಬುಲ್ಲಿನ ಮೇಲೆ ಹಾಕಬೇಡಿ. ನಾನು 22 ವರ್ಷ ಪುಣೆ ಜಿಲ್ಲೆಯ ಹಳ್ಳಿಗಳಲ್ಲಿ ದನಗಳ ತಳಿ ದಾಖಲೆ ಬರೆಯುವ ಕೆಲಸ ಮಾಡಿದವಳು. ಉರುಳಿ ಕಾಂಚನ್ ಸುತ್ತಮುತ್ತ ನಾನು ಕಾಲಿಡದ ಕೊಟ್ಟಿಗೆ ಕಮ್ಮಿ. ಒಂದೇ ಬುಲ್ಲಿನ ಕರುಗಳು ಪಕ್ಕಪಕ್ಕದ ಮನೆಯಲ್ಲಿ ಬೇರೆಬೇರೆ ಥರ ಬೆಳೆಯುವುದನ್ನು ನೋಡಿ ನೋಡಿ ನನಗೆ ಮೊದಲು ಪ್ರಶ್ನೆ ಕೇಳುವ ಅಭ್ಯಾಸ ಆಗಿದೆ.

ಭೀಮಾತೀರದವರೇ, ಯಾವುದು ಹೆಣ್ಣು, ಯಾವುದು ಹೋರಿ? ತಾಯಂದಿರದು ಎಷ್ಟನೇ ಈತ? ಯಾವ ಕರು ಎಷ್ಟು ಹಾಲು ಕುಡಿಯುತ್ತಿದೆ, ಮೊಲೆಗೆ ಬಿಟ್ಟಿದ್ದೀರೋ, ಬಕೆಟ್ಟಿನಲ್ಲೋ? ಟೇಪಿನ ಅಳತೆ ಎಷ್ಟು ಬಂತು?

ಭೀಮಾತೀರದವ

ಅಕ್ಕಾರೆ, ನೀವು ಉತ್ತರ ಕೊಟ್ಟದ್ದು ಬಹಳ ಸಂತೋಷ.

ಎಚ್‌ಎಫ್ ಆಕಳ ಕರು ಹೆಣ್ಣು. ಆ ಆಕಳದು ಮೂರನೇ ಈತ. ಸಣ್ಣ ಕಿಲಾರಿ ಚೊಚ್ಚಲು, ಅದರದ್ದೂ ಹೆಣ್ಣುಕರು. ದೊಡ್ಡ ಕಿಲಾರಿ ನಾಲ್ಕನೇ ಸಲ ಈದದ್ದು, ಹೋರಿಕರು.

ಹಾಲಿನ ವಿಷಯ. ಕಿಲಾರಿ ಎರಡೂ ಕರು ಬಿಡದೆ ಸೊರೆ ಬಿಡುವುದಿಲ್ಲ. ಹಾಗಾಗಿ ಕರು ಮೊಲೆಗೇ ಇರುತ್ತದೆ. ಮನೆಗೆ ಸ್ವಲ್ಪ ಕರೆದುಕೊಂಡು ಉಳಿದದ್ದು ಕರುವಿಗೆ. ಎಚ್‌ಎಫ್ ಹಾಲು ಡೇರಿಗೆ ಹೋಗುತ್ತದೆ. ಅದರ ಕರುವಿಗೆ ಬಕೆಟ್ಟಿನಲ್ಲಿ ಬೆಳಗ್ಗೆ ಒಂದೂವರೆ, ಸಂಜೆ ಒಂದೂವರೆ ಲೀಟರ್. ಮೊದಲಿಂದ ಅಷ್ಟೇ. ಗಿಣ್ಣದ ಹಾಲು ಮಾತ್ರ ಮೂರಕ್ಕೂ ಹೊಟ್ಟೆ ತುಂಬ ಕುಡಿಸಿದ್ದೇವೆ, ಹುಟ್ಟಿದ ಎರಡು ಗಂಟೆ ಒಳಗೆ.

ದೊಡ್ಡ ಕಿಲಾರಿಯ ಕರುವಿಗೆ ಎದೆ ಸುತ್ತು 37 ಇಂಚು, ಉದ್ದ 33 ಇಂಚು ಬಂತು.

ತೂಕದ ಪುಸ್ತಕ

ನಿಮ್ಮ ಲೆಕ್ಕ ಇಟ್ಟುಕೊಳ್ಳುವ ರೀತಿ ನೋಡಿ ಖುಷಿಯಾಯಿತು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ಟೇಪು. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕಿಲೋ ಬರುತ್ತದೆ. 37 ಇಂಚಿಗೆ 68 ಕಿಲೋ. ಟೇಪು ಚೂರು ಸಡಿಲ ಆಗಿ 38 ಬಂದಿದ್ದರೆ? 72 ಕಿಲೋ ಬರೆಯುತ್ತಿದ್ದಿರಿ. ಒಂದು ಇಂಚಿಗೆ ನಾಲ್ಕು ಕಿಲೋ ಹೆಚ್ಚುಕಮ್ಮಿ. ಹಾಗಾಗಿ 64ಕ್ಕೂ 68ಕ್ಕೂ ಇರುವ ವ್ಯತ್ಯಾಸ ನಂಬಬೇಡಿ. ಆದರೆ ಹುಟ್ಟಿದ ತೂಕ ಕಾಟಾದಲ್ಲಿ ಹಾಕಿದ್ದೀರಿ, ಅದು ಗಟ್ಟಿ. ಎಚ್‌ಎಫ್ ಕರು 90 ದಿನಕ್ಕೆ 30 ಕಿಲೋ ಕೂಡಿಸಿದೆ. ದೊಡ್ಡ ಕಿಲಾರಿಯದು 43 ಕೂಡಿಸಿದೆ. 13 ಕಿಲೋ ಅಂತರ ಟೇಪಿನ ತಪ್ಪಲ್ಲ.

ಇನ್ನು ಅಂತರಕ್ಕೆ ಕಾರಣ. ಎಚ್‌ಎಫ್ ಕರು ಹುಟ್ಟಿದಾಗ 34 ಕಿಲೋ. ಮೈ ತೂಕದ ಹತ್ತನೇ ಒಂದು ಭಾಗ ಹಾಲು ಅಂತ ಲೆಕ್ಕ ಹಿಡಿದರೂ ಮೊದಲ ದಿನದಿಂದಲೇ 3.4 ಲೀಟರ್ ಬೇಕಿತ್ತು. ಕರು ಬೆಳೆಯಿತು, ಬಕೆಟ್ಟು ಬೆಳೆಯಲಿಲ್ಲ. ಕಿಲಾರಿ ಕರುಗಳು ತಾಯಿ ಕೊಟ್ಟಷ್ಟು ಕುಡಿದವು. ಅಂದರೆ ನೀವು ಹೋಲಿಸಿದ್ದು ರಕ್ತವನ್ನಲ್ಲ, ಹಾಲನ್ನು. ಬುಲ್ಲಿಗೆ ಇದರಲ್ಲಿ ಒಳ್ಳೆ ಹೆಸರೂ ಇಲ್ಲ, ಕೆಟ್ಟ ಹೆಸರೂ ಇಲ್ಲ.

ಕರುವಿನ ಬೆಳವಣಿಗೆಯನ್ನು ಅತಿ ಕಟ್ಟುನಿಟ್ಟಾಗಿ ಅಳೆದವರು ನಮ್ಮಂಥ ಹಾಲಿನ ದನದವರಲ್ಲ. ಅಮೆರಿಕ, ಆಸ್ಟ್ರೇಲಿಯಾ, ಬ್ರೆಜಿಲ್ ಕಡೆ ಮಾಂಸಕ್ಕೆ ದನ ಸಾಕುವವರು. ಅಲ್ಲಿ ಹಸುವನ್ನು ಯಾರೂ ಕರೆಯುವುದಿಲ್ಲ. ಕರು ಆರೇಳು ತಿಂಗಳು ತಾಯಿ ಜೊತೆಗೇ ಮೇಯುತ್ತದೆ. ತಾಯಿ ಹಾಲು ಬಿಡಿಸುವ ದಿನ ಅದರ ತೂಕ ಎಷ್ಟೋ ಅಷ್ಟೇ ಆ ಹಸುವಿನ ವರ್ಷದ ದುಡಿಮೆ. ಅದಕ್ಕೇ ಅವರು ಈ ತೂಕವನ್ನು ಬಿಡಿಸಿ ಬಿಡಿಸಿ ನೋಡಿದ್ದಾರೆ. ಕರುವಿನ ಸ್ವಂತ ಜೀನು ಒಂದು ಪಾಲು, ಅದರಲ್ಲಿ ಅರ್ಧ ತಂದೆಯಿಂದ, ಅರ್ಧ ತಾಯಿಯಿಂದ. ಅದರ ಮೇಲೆ ತಾಯಿಯದೇ ಇನ್ನೊಂದು ಪಾಲು ಇದೆ, ಗರ್ಭ ಮತ್ತು ಹಾಲು. ಆ ಹಾಲು ಕೊಡುವ ಗುಣವೂ ತಾಯಿಯ ಜೀನಿನಿಂದಲೇ ಬಂದದ್ದು. ಹಾಗಾಗಿ ತಾಯಿ ಎರಡು ಕಡೆಯಿಂದ ಕೈ ಹಾಕುತ್ತಾಳೆ, ತಂದೆ ಒಂದೇ ಕಡೆಯಿಂದ.

ಅಲ್ಲಿನ ಬುಲ್ಲುಗಳ ಪಟ್ಟಿಯಲ್ಲಿ "ಹಾಲು" ಅಂತ ಒಂದು ಅಂಕಿ ಇರುತ್ತದೆ. ಅದು ಲೀಟರ್ ಅಲ್ಲ, ತೂಕ! ಈ ಬುಲ್ಲಿನ ಹೆಣ್ಣುಮಕ್ಕಳು ತಮ್ಮ ಹಾಲಿನಿಂದ ಅವುಗಳ ಕರುವಿನ ತೂಕಕ್ಕೆ ಎಷ್ಟು ಕೂಡಿಸುತ್ತವೆ ಅಂತ. ಅಜ್ಜನ ಹೆಸರಲ್ಲಿ ಮೊಮ್ಮಗನ ತೂಕ ಬರೆದ ಹಾಗೆ. ನನಗೆ ಇದು ಅರ್ಥವಾದ ದಿನ ನಮ್ಮ ದಾಖಲೆ ಪುಸ್ತಕವನ್ನು ನೋಡುವ ಕಣ್ಣೇ ಬದಲಾಯಿತು.

ಒಂದೇ ಹಿಂಡಿನಲ್ಲಿ, ಒಂದೇ ಕಾಲದಲ್ಲಿ ಹುಟ್ಟಿ, ಒಂದೇ ಥರ ಬೆಳೆದ ಕರುಗಳನ್ನು ಮಾತ್ರ ಅವರು ಹೋಲಿಸುತ್ತಾರೆ. ಹೆಣ್ಣನ್ನು ಹೆಣ್ಣಿನ ಜೊತೆ, ಹೋರಿಯನ್ನು ಹೋರಿಯ ಜೊತೆ. ಎಲ್ಲ ತೂಕವನ್ನೂ 205 ದಿನಕ್ಕೆ ಸರಿಹೊಂದಿಸುತ್ತಾರೆ. ತಾಯಿಗೆ ಎರಡೇ ವರ್ಷ ಆಗಿದ್ದರೆ ಹೋರಿಕರುವಿಗೆ 60 ಪೌಂಡ್, ಹೆಣ್ಣುಕರುವಿಗೆ 54 ಪೌಂಡ್ ಕೂಡಿಸುತ್ತಾರೆ. ಅಂದರೆ 25 ಕಿಲೋ ಆಸುಪಾಸು. ಚೊಚ್ಚಲ ತಾಯಿ ಇನ್ನೂ ತಾನೇ ಬೆಳೆಯುತ್ತಿರುತ್ತಾಳೆ, ಹಾಲು ಕಮ್ಮಿ, ಅದು ಕರುವಿನ ತಪ್ಪಲ್ಲ ಅಂತ. ಆ ಅಂಕಿಯನ್ನು ನಮ್ಮ ಕಿಲಾರಿಗೆ ಹಾಗೇ ಅಂಟಿಸಲು ಬರುವುದಿಲ್ಲ. ಆದರೆ ನಿಮ್ಮ ಸಣ್ಣ ಕಿಲಾರಿಯ ಕರು ಹೆಣ್ಣು, ತಾಯಿ ಚೊಚ್ಚಲು. ಅದನ್ನು ದೊಡ್ಡದರ ಹೋರಿಕರುವಿನ ಪಕ್ಕ ನಿಲ್ಲಿಸಿ "ಇದು ಕಮ್ಮಿ" ಅನ್ನುವುದು ಅನ್ಯಾಯ ಅಲ್ವಾ? ಊರಿನ ಕರುವಿನದು ಬೇರೆ ಮೇವು, ಬೇರೆ ಬಿಸಿಲು. ಅದನ್ನು ಈ ಸಾಲಿನಲ್ಲಿ ಸೇರಿಸಲೇಬೇಡಿ.

ಇನ್ನು "ದಿನಕ್ಕೆ ಒಂದು ಕಿಲೋ" ಅಂದ ಮಾತು. ಹಾಲು ಬಿಡಿಸುವ ಹೊತ್ತಿನ ತೂಕದಲ್ಲಿ ಒಂದು ಹಿಂಡಿನ ಕರುಗಳ ನಡುವೆ ಏನು ವ್ಯತ್ಯಾಸ ಇದೆಯೋ, ಅದರಲ್ಲಿ ಕರುವಿನ ಸ್ವಂತ ಜೀನಿನದು ಸುಮಾರು ಕಾಲು ಭಾಗ. ಉಳಿದದ್ದು ತಾಯಿ, ಮೇವು, ರೋಗ, ಹವೆ. ಮೂರು ಕರು ನೋಡಿ ಬುಲ್ಲನ್ನು ಅಳೆಯಲು ಯಾರಿಂದಲೂ ಆಗುವುದಿಲ್ಲ. ಅದೂ ಅಲ್ಲದೆ, ಎಚ್‌ಎಫ್ ಬುಲ್ಲನ್ನು ಆರಿಸುವುದು ಮುಖ್ಯವಾಗಿ ಮಗಳ ಹಾಲು ನೋಡಿ, ಕರು ಎಷ್ಟು ಬೇಗ ತೂಕ ಹಾಕುತ್ತದೆ ಅಂತ ಅಲ್ಲ.

ಈಗ ನಿಮ್ಮ ಕಿಲಾರಿ ಕರುಗಳ ಚುರುಕು. ಹಾಲಿನ ಜೊತೆ ಅಲ್ಲಿ ಇನ್ನೊಂದು ಕೆಲಸ ನಡೆದಿದೆ. ದೂರದ ಎರಡು ತಳಿ ಕೂಡಿದಾಗ ಕರು ಎರಡರ ಸರಾಸರಿಗಿಂತ ಮೇಲೆ ಹೋಗುತ್ತದೆ. ಮಿಶ್ರಣದ ಕಸುವು ಅನ್ನಿ, ಪುಸ್ತಕದಲ್ಲಿ ಹೆಟರೋಸಿಸ್ ಅನ್ನುತ್ತಾರೆ. ಒಂದೇ ತಳಿಯೊಳಗೆ ತಲೆಮಾರಿನಿಂದ ಕೂಡಿಸಿದಾಗ ಕೆಲವು ದುರ್ಬಲ ಜೀನುಗಳು ಜೋಡಿಯಾಗಿ ಕೂತುಬಿಡುತ್ತವೆ. ಬೇರೆ ತಳಿ ಬಂದಾಗ ಆ ಜೋಡಿ ಒಡೆಯುತ್ತದೆ. ಅಮೆರಿಕದ ನೆಬ್ರಾಸ್ಕಾದಲ್ಲಿ ಹೆರಿಫರ್ಡ್, ಆ್ಯಂಗಸ್, ಶಾರ್ಟ್‌ಹಾರ್ನ್ ತಳಿಗಳನ್ನು ಕೂಡಿಸಿ ವರ್ಷಗಟ್ಟಲೆ ನೋಡಿದರು. ಹೋರಿಗೆ ಬಿಟ್ಟ ಪ್ರತಿ ಹಸುವಿಗೆ ಎಷ್ಟು ಕಿಲೋ ಕರು ಕೈಗೆ ಬಂತು ಅಂತ ಲೆಕ್ಕ ಹಾಕಿದರೆ, ಶುದ್ಧ ತಳಿಗಿಂತ ಸುಮಾರು 23 ಪ್ರತಿಶತ ಜಾಸ್ತಿ. ಅದರಲ್ಲಿ ಕರು ಮಿಶ್ರ ಆಗಿದ್ದಕ್ಕೆ 8.5, ತಾಯಿಯೂ ಮಿಶ್ರ ಆಗಿದ್ದಕ್ಕೆ 14.8. ತಾಯಿಯ ಪಾಲೇ ದೊಡ್ಡದು! ಇವು ಮೂರೂ ಹತ್ತಿರದ ಬ್ರಿಟಿಷ್ ತಳಿಗಳು. ನಮ್ಮ ಡುಬ್ಬದ ದನಕ್ಕೂ ಯುರೋಪಿನ ದನಕ್ಕೂ ನಂಟು ಇನ್ನೂ ದೂರ, ಹಾಗಾಗಿ ಕಸುವು ಇನ್ನೂ ಜಾಸ್ತಿ.

ನಿಮ್ಮ ಕಿಲಾರಿಯ ಕರು ಅರ್ಧ ಕಿಲಾರಿ, ಅರ್ಧ ಎಚ್‌ಎಫ್. ಅದಕ್ಕೆ ಈ ಕಸುವು ಪೂರ್ತಿ ಸಿಕ್ಕಿದೆ. ಎಚ್‌ಎಫ್ ಆಕಳು ಮುಕ್ಕಾಲು ಎಚ್‌ಎಫ್ ಅಂತಲೇ ಇಟ್ಟುಕೊಳ್ಳೋಣ. ಅದಕ್ಕೆ ಮತ್ತೆ ಎಚ್‌ಎಫ್ ಹಾಕಿದಾಗ ಕರುವಿಗೆ ಉಳಿಯುವುದು ಕಾಲು ಭಾಗ ಕಸುವು. ಪ್ರತಿ ಸಲ ಅದೇ ತಳಿಗೆ ಹೋದಾಗ ಅದು ಅರ್ಧ ಅರ್ಧ ಆಗುತ್ತದೆ. ರಕ್ತ ಏರಿಸುತ್ತಾ ಹೋದಂತೆ ಕರು ಸೂಕ್ಷ್ಮ ಆಗುತ್ತದೆ, ಬಿಸಿಲಿಗೆ ಬಾಯಿ ತೆರೆಯುತ್ತದೆ ಅಂತ ಹಳ್ಳಿಯವರು ಹೇಳುತ್ತಾರಲ್ಲ, ಅದಕ್ಕೆ ಇದೂ ಒಂದು ಕಾರಣ. ಬಿಸಿಲು ತಡೆಯುವ ದೇಸಿ ಗುಣ ಕಮ್ಮಿ ಆಗುವುದು ಇನ್ನೊಂದು.

ನಿಮ್ಮ ಪ್ರಶ್ನೆಗೆ ನೇರ ಉತ್ತರ. ದೊಡ್ಡ ಕಿಲಾರಿಗೆ ಅದೇ ಸ್ಟ್ರಾ ಹಾಕಿಸಲು ಅಡ್ಡಿ ಇಲ್ಲ. ಚೊಚ್ಚಲಿಗೆ ಒಂದು ಸಲ ಕಿಲಾರಿಯನ್ನೇ ಹಾಕಿಸಿ. ಎಚ್‌ಎಫ್ ಆಕಳಿಗೆ ನಾನಾದರೆ ಮತ್ತೆ ಎಚ್‌ಎಫ್ ಹಾಕಿಸುವುದಿಲ್ಲ. ತಗಡಿನ ಶೆಡ್ಡು, ಏಪ್ರಿಲ್ ಬಿಸಿಲು. ಗಿರ್ ಅಥವಾ ಒಳ್ಳೆ ಮಿಶ್ರತಳಿ ಬುಲ್ ಕೇಳುತ್ತೇನೆ. ನಮ್ಮ ರಾಹುರಿ ಕೃಷಿ ವಿದ್ಯಾಪೀಠದವರು ಎಚ್‌ಎಫ್, ಜರ್ಸಿ, ಗಿರ್ ಮೂರನ್ನೂ ಕೂಡಿಸಿ ಫುಲೆ ತ್ರಿವೇಣಿ ಮಾಡಿದ್ದು ಸುಮ್ನೆ ಅಲ್ಲ.

ಇನ್ನೊಂದು ಮಾತು, ಇದನ್ನು ಹೇಳದೆ ಬಿಡಲಾರೆ. ಅರ್ಧ-ಅರ್ಧ ಕರು ಪ್ರತಿ ಸಲ ಬೇಕು ಅಂದರೆ ಪ್ರತಿ ಸಲ ಶುದ್ಧ ಕಿಲಾರಿ ತಾಯಿ ಬೇಕು. ಮಿಶ್ರ ಕರುವಿನಿಂದ ಅದು ಮತ್ತೆ ಹುಟ್ಟುವುದಿಲ್ಲ. ನಿಮ್ಮ ಅಪ್ಪ ಇಂಡಿಯಲ್ಲಿ ಇಟ್ಟುಕೊಂಡಿರುವುದು ಬೀಜದ ಕಣಜ. 49 ಕಿಲೋ ಅಂತ ಅದನ್ನು ಹಗುರ ಮಾಡಬೇಡಿ.

ಕೊಟ್ಟಿಗೆಯವಳು (ಫೋಂಡಾ, ಗೋವಾ)

ನಾನು ಕಾರವಾರದವಳು, ಮದುವೆಯಾಗಿ ಇಲ್ಲಿಗೆ ಬಂದೆ. ನಮ್ಮಲ್ಲಿ ಇಲ್ಲಿನದೇ ಬಿಳಿ ಸಣ್ಣ ದನ, ಶ್ವೇತ ಕಪಿಲಾ. ಅಕ್ಕಾ, ನನಗೆ ಭಯ ಇರುವುದು ಹುಟ್ಟುವ ತೂಕದ್ದು. ಎರಡು ವರ್ಷದ ಹಿಂದೆ ಒಂದು ಪಡ್ಡೆಗೆ ದೊಡ್ಡ ತಳಿಯ ಸ್ಟ್ರಾ ಹಾಕಿದರು. ನಾವು ಬೇಡ ಅಂದರೂ "ಏನೂ ಆಗುವುದಿಲ್ಲ" ಅಂದರು. ರಾತ್ರಿ ಹತ್ತಕ್ಕೆ ನೋವು ಶುರುವಾಗಿ ಬೆಳಗಿನ ಜಾವ ನಾಲ್ಕು ಜನ ಎಳೆದು ಕರು ತೆಗೆದೆವು. ಕರು ಉಳಿಯಲಿಲ್ಲ. ಪಡ್ಡೆ ಒಂದು ತಿಂಗಳು ಎದ್ದು ಸರಿಯಾಗಿ ನಿಲ್ಲಲಿಲ್ಲ. ಭೀಮಾತೀರದವರ ಕಿಲಾರಿಗೆ 23 ಕಿಲೋ ಕರು ಹೇಗೆ ಹುಟ್ಟಿತು? ನನ್ನದಕ್ಕೆ ಯಾಕೆ ಹಾಗಾಯಿತು?

ತೂಕದ ಪುಸ್ತಕ

ಓದಿ ಸಂಕಟವಾಯಿತು ತಂಗಿ. ನೀವು ಬೇಡ ಅಂದಿದ್ದೇ ಸರಿ ಇತ್ತು.

1938ರಲ್ಲಿ ಕೇಂಬ್ರಿಡ್ಜ್‌ನಲ್ಲಿ ವಾಲ್ಟನ್ ಮತ್ತು ಹ್ಯಾಮಂಡ್ ಅನ್ನುವವರು ಒಂದು ಪ್ರಯೋಗ ಪ್ರಕಟಿಸಿದರು. ಬಂಡಿ ಎಳೆಯುವ ದೊಡ್ಡ ಶೈರ್ ಕುದುರೆ, ಮತ್ತೆ ಸೊಂಟದೆತ್ತರದ ಶೆಟ್ಲಂಡ್ ಕುದುರೆ. ಎರಡನ್ನೂ ಅದಲುಬದಲು ಮಾಡಿ ಕೃತಕ ಗರ್ಭಧಾರಣೆ ಮಾಡಿದರು. ಎರಡೂ ಕಡೆಯ ಮರಿಗೆ ಜೀನು ಅರ್ಧ ಅರ್ಧವೇ. ಆದರೆ ದೊಡ್ಡ ತಾಯಿಯ ಮರಿ ದೊಡ್ಡದಾಗಿ ಹುಟ್ಟಿತು, ಸಣ್ಣ ತಾಯಿಯ ಮರಿ ಸಣ್ಣದಾಗಿ ಹುಟ್ಟಿತು. ಗರ್ಭ ಕಡಿವಾಣ ಹಾಕುತ್ತದೆ.

ದನಗಳಲ್ಲೂ ಇದು ಚೆನ್ನಾಗಿ ಕಂಡಿದೆ. ಅಮೆರಿಕದ ಬ್ರಾಹ್ಮನ್ ತಳಿ ನಮ್ಮ ದನಗಳಿಂದಲೇ ಹುಟ್ಟಿದ್ದು. ಓಂಗೋಲ್, ಕಾಂಕ್ರೇಜ್, ಗಿರ್, ಜೊತೆಗೆ ನಮ್ಮ ಕೃಷ್ಣಾ ತೀರದ ದನ. ಭೀಮಾತೀರದವರೇ, ನಿಮ್ಮ ವಿಜಯಪುರ, ಬೆಳಗಾವಿ ಸೀಮೆಯ ಆ ದನ ಈಗ ಊರಲ್ಲಿ ಹುಡುಕಿದರೂ ಕಷ್ಟ, ಅದರ ರಕ್ತ ಮಾತ್ರ ಟೆಕ್ಸಾಸಿನಲ್ಲಿ ಮೇಯುತ್ತಿದೆ. ಬ್ರಾಹ್ಮನ್ ಹೋರಿಯನ್ನು ಹೆರಿಫರ್ಡ್ ಹಸುವಿಗೆ ಕೂಡಿಸಿದರೆ ಕರು ಭಾರಿ ದೊಡ್ಡದು, ಹೆರಿಗೆ ಕಷ್ಟ. ತಿರುಗಿಸಿ, ಬ್ರಾಹ್ಮನ್ ಹಸುವಿಗೆ ಹೆರಿಫರ್ಡ್ ಹೋರಿ ಕೊಟ್ಟರೆ ಕರು ಹಗುರ. ಡುಬ್ಬದ ತಾಯಂದಿರು ಗರ್ಭದಲ್ಲಿ ಕರುವನ್ನು ಸಣ್ಣದಾಗಿಯೇ ಇಡುತ್ತಾರೆ. ಕಿಲಾರಿಗೆ 23 ಕಿಲೋ ಹುಟ್ಟಿದ್ದು ಹೀಗೆ. ಹುಟ್ಟಿದ ಮೇಲೆ ಕಡಿವಾಣ ಬಿಚ್ಚಿತು, ಕರು ಓಡಿತು.

ಆದರೆ ಕಡಿವಾಣಕ್ಕೂ ಮಿತಿ ಇದೆ. ಕಿಲಾರಿ ಎತ್ತರದ ದನ. ನಿಮ್ಮದು ಚಿಕ್ಕ ದನ, ಅದರಲ್ಲೂ ಚೊಚ್ಚಲು, ಸೊಂಟದ ದಾರಿ ಇನ್ನೂ ಚಿಕ್ಕದು. ಭೀಮಾತೀರದವರ ಚೊಚ್ಚಲು ಸುಸೂತ್ರ ಈದದ್ದು ಅವರ ಪುಣ್ಯ. ಪಡ್ಡೆಗೆ ಅದೇ ತಳಿಯ ಹೋರಿಯೇ ಸರಿ. ಮಿಶ್ರ ಬೇಕೇ ಬೇಕು ಅಂದರೆ ಎರಡು ಈತ ಆದ ಹಸುವಿಗೆ ಜರ್ಸಿ, ಅದು ಸಣ್ಣ ಮೈಯ ತಳಿ. ಹುಟ್ಟುವ ತೂಕವೂ ತಂದೆಯಿಂದ ಇಳಿದು ಬರುವ ಗುಣವೇ. ಸುಲಭ ಹೆರಿಗೆಯ ಬುಲ್ ಕೊಡಿ ಅಂತ ಬಾಯಿಬಿಟ್ಟು ಕೇಳಿ.

ಡೊಂಬಿವಲಿ ಧಾರವಾಡಿ

ನಾನು ದನ ಸಾಕುವವನಲ್ಲ, ಓದುತ್ತಾ ಕೂತೆ. ಬೆಳವಣಿಗೆಯ ಜೀನು ಅಂತ ಒಂದು ಇದ್ದರೆ ರಕ್ತ ಪರೀಕ್ಷೆ ಮಾಡಿಸಿ ಒಳ್ಳೆ ಕರು ಆರಿಸಬಹುದಲ್ವಾ?

ತೂಕದ ಪುಸ್ತಕ

ಒಂದೇ ಜೀನಿನ ಆಟ ಕೆಲವು ಕಡೆ ಇದೆ. ಬೆಲ್ಜಿಯನ್ ಬ್ಲೂ ತಳಿಯಲ್ಲಿ ಸ್ನಾಯುವಿಗೆ ತಡೆ ಹಾಕುವ ಮಯೋಸ್ಟಾಟಿನ್ ಜೀನಿನ 11 ಅಕ್ಷರ ಬಿಟ್ಟುಹೋಗಿವೆ. 1997ರಲ್ಲಿ ಇದು ಗೊತ್ತಾಯಿತು. ಮೈ ಎಲ್ಲ ಮಾಂಸಖಂಡ, ಆದರೆ ಆ ತಳಿಯಲ್ಲಿ ಹೆಚ್ಚಿನ ಕರುಗಳನ್ನು ಹೊಟ್ಟೆ ಕೊಯ್ದೇ ತೆಗೆಯಬೇಕು. ಯಾವ ಹಸುವಿಗೂ ಆ ಪಾಡು ಬೇಡ. ಮಾಮೂಲಿ ಬೆಳವಣಿಗೆ ಮಾತ್ರ ಎಷ್ಟೋ ಜೀನುಗಳ ಚಿಕ್ಕ ಚಿಕ್ಕ ಕೊಡುಗೆ. 2009ರಲ್ಲಿ ಡಾಮಿನೆಟ್ ಅನ್ನುವ ಹೆರಿಫರ್ಡ್ ಹಸುವಿನ ಪೂರ್ತಿ ಜೀನೋಮ್, ಅಂದರೆ ಅದರ ಎಲ್ಲ ಜೀನುಗಳ ಬರಹ, ಪ್ರಕಟವಾಯಿತು. ಈಗ ಅಂಥ ಬರಹದಲ್ಲಿನ ಸಾವಿರಾರು ಗುರುತು ಒಟ್ಟಿಗೆ ನೋಡಿ ಅಂದಾಜು ಹೇಳುತ್ತಾರೆ. ಆದರೆ ಆ ಅಂದಾಜು ಕಲಿಯುವುದಕ್ಕೂ ಯಾರೋ ಸಾವಿರಾರು ಕರು ತೂಗಿ ಬರೆದಿರಲೇಬೇಕು. ಭೀಮಾತೀರದವರು ಕಾಟಾ ಮೇಲೆ ನಿಂತ ಹಾಗೆ.

ಭೀಮಾತೀರದವ

ಅಕ್ಕಾರೆ, ನಿಮ್ಮ ಬರಹ ಅಣ್ಣನಿಗೆ ಓದಿ ಹೇಳಿದೆ. ಅವನು ಏನೂ ಮಾತಾಡಲಿಲ್ಲ. ಸಂಜೆ ನೋಡಿದರೆ ಎಚ್‌ಎಫ್ ಕರುವಿನ ಬಕೆಟ್ಟಿಗೆ ಎರಡೂವರೆ ಲೀಟರ್ ಹಾಕಿದ್ದ. ಗೋದಲಿಯಲ್ಲಿ ಕರುವಿಗೆ ಅಂತ ಬೇರೆ ಹಿಂಡಿ, ಹಸಿ ಮೇವು ಇಟ್ಟಿದ್ದ. ಡೇರಿಗೆ ಎರಡು ಲೀಟರ್ ಕಮ್ಮಿ ಹೋಗುತ್ತದೆ, ಹೋಗಲಿ. ಅಪ್ಪನಿಗೂ ಫೋನ್ ಮಾಡಿ ಆ ಹೋರಿಕರು ಮಾರಬೇಡಿ ಅಂದೆ. ಚೊಚ್ಚಲು ಕಿಲಾರಿಗೆ ಮುಂದಿನ ಸಲ ಕಿಲಾರಿಯದೇ ಸ್ಟ್ರಾ ಹುಡುಕುತ್ತೇವೆ.

ಅರ್ಧ-ಅರ್ಧ ಹೆಣ್ಣುಕರುವಿಗೆ ಮುಂದೆ ಯಾವಾಗ ಇಂಜೆಕ್ಷನ್? ಎಚ್‌ಎಫ್ ಕರು ಮತ್ತೆ ಯಾವಾಗ ಅಳೆಯಲಿ?

ತೂಕದ ಪುಸ್ತಕ

ಹಾಲು ಒಮ್ಮೆಲೇ ಏರಿಸಬೇಡಿ, ಭೇದಿ ಆಗುತ್ತದೆ. ನಾಲ್ಕೈದು ದಿನಕ್ಕೆ ಅರ್ಧ ಅರ್ಧ ಲೀಟರ್ ಅಂತ ಏರಿಸಲು ಅಣ್ಣನಿಗೆ ಹೇಳಿ. ಮಿಶ್ರ ಹೆಣ್ಣುಕರುವಿಗೆ ವಯಸ್ಸು ಎಣಿಸಬೇಡಿ, 250 ಕಿಲೋ ದಾಟಿದ ಮೇಲೆ ನೋಡಿ. ಅಳತೆ 15 ದಿನಕ್ಕೊಮ್ಮೆ ಸಾಕು. ಬೆಳಗ್ಗೆ, ಹಾಲು ನೀರು ಕೊಡುವ ಮೊದಲು, ಕರು ನಾಲ್ಕೂ ಕಾಲ ಮೇಲೆ ನೆಟ್ಟಗೆ ನಿಂತಾಗ, ಮುಂಗಾಲಿನ ಹಿಂದೆಯೇ ಟೇಪು ಸುತ್ತಿ. ಮೂರು ಸಲ ಅಳೆದು ನಡುವಿನದನ್ನು ಬರೆಯಿರಿ. ಮೂರು ಸಲವೂ ನೀವೇ ಹಿಡಿಯಿರಿ, ಕೈ ಬದಲಾದರೆ ಇಂಚು ಬದಲಾಗುತ್ತದೆ.